ಮನೆಯೊಳಗಿನ ಇರುವೆಗೆ ಯಾವ ಮದ್ದು? ಕೊಡಗಿನ ಮನೆಗಳಿಗೊಂದು ಹೋಲಿಕೆ

ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ವಾರದಿಂದ ಶುರುವಾಗುತ್ತದೆ. ಸಕ್ಕರೆ ಡಬ್ಬಿಯ ಮುಚ್ಚಳ, ನಾಯಿಯ ತಟ್ಟೆ, ಮಗುವಿನ ಹಾಲಿನ ಬಾಟಲಿ, ಕೊನೆಗೆ ಸ್ವಿಚ್‌ಬೋರ್ಡಿನ ಸಂದಿನಲ್ಲೂ ಇರುವೆ. ಕಿರಾಣಿ ಅಂಗಡಿಯವರು ಚಾಕ್ ಕೊಡುತ್ತಾರೆ. ಮೆಡಿಕಲ್‌ನವರು ಬೋರಿಕ್ ಪೌಡರ್ ಅನ್ನುತ್ತಾರೆ. ತೋಟದ ಮೇಸ್ತ್ರಿ ಗೋದಾಮಿನಿಂದ ಹೆಸರು ಅಳಿಸಿಹೋದ ಬಾಟಲಿಯೊಂದನ್ನು ತಂದಿಡುತ್ತಾರೆ. ಅಜ್ಜಿ ಅರಿಶಿನ ಸಾಕು ಅನ್ನುತ್ತಾರೆ, ಮೊಮ್ಮಗ ಫೋನಿನಲ್ಲಿ ಜೆಲ್ ತರಿಸುತ್ತಾನೆ. ಇದರಲ್ಲಿ ಯಾವುದನ್ನು ಹಿಡಿಯುವುದು ಎಂದು ಕೇಳುವವರು ಬಹಳ. ಪ್ರತಿಯೊಂದೂ ಯಾರದೋ ಮನೆಯಲ್ಲಿ ಕೆಲಸ ಮಾಡಿದ್ದೇ ಆಗಿರುವುದರಿಂದ ಗೊಂದಲ ಇನ್ನೂ ಹೆಚ್ಚು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮದ್ದು ಆರಿಸುವ ಮುಂಚೆ ಇರುವೆಯನ್ನು ಗುರುತಿಸಬೇಕು. ಒಂದು ಜಾತಿಯನ್ನು ಓಡಿಸುವ ಸ್ಪ್ರೇ ಇನ್ನೊಂದು ಜಾತಿಯ ಒಂದು ಗೂಡನ್ನು ನಾಲ್ಕು ಮಾಡಿಬಿಡುತ್ತದೆ. ದುಡ್ಡು ಕೊಟ್ಟು ಇರುವೆ ಸಾಕಿದ ಹಾಗೆ.

ಮದ್ದಿಗೆ ಮುಂಚೆ ನೋಡಬೇಕಾದ್ದು

ಗೂಡು ಮನೆಯ ಒಳಗಿದೆಯೋ ಹೊರಗಿದೆಯೋ ಎಂಬುದು ಮೊದಲ ಪ್ರಶ್ನೆ. ರಾತ್ರಿ ಎಂಟು ಒಂಬತ್ತರ ಹೊತ್ತಿಗೆ ಟಾರ್ಚ್ ಹಿಡಿದು ಸಾಲಿನ ಹಿಂದೆ ಹೋಗಿ. ಸಾಲು ಕಿಟಕಿಯ ಚೌಕಟ್ಟು ದಾಟಿ ಹೊರಗೆ ಹೋದರೆ ಒಳಗೆ ಎಷ್ಟು ಹೊಡೆದರೂ ಹೊರಗಿನಿಂದ ಹೊಸಬರು ಬರುತ್ತಲೇ ಇರುತ್ತಾರೆ. ಟೈಲ್ಸ್ ಸಂದು, ಬಾಗಿಲ ದಾರಂದ, ಸಿಂಕಿನ ಕೆಳಗಿನ ಬಿರುಕಿನೊಳಗೆ ಮಾಯವಾದರೆ ಗೂಡು ಗೋಡೆಯಲ್ಲೇ ಇದೆ. ಬಾಯಲ್ಲಿ ಬೆಳ್ಳಗಿನದೇನನ್ನೋ ಕಚ್ಚಿಕೊಂಡು ಹೋಗುತ್ತಿದ್ದರೆ ಅದನ್ನು ಗಮನಿಸಿ. ಇರುವೆ ಮೊಟ್ಟೆ ಹೊತ್ತರೆ ಮಳೆ ಅನ್ನುವುದು ವಾಡಿಕೆ. ಆ ಬಿಳಿ ಗಂಟುಗಳಲ್ಲಿ ಮೊಟ್ಟೆಗಿಂತ ಮರಿಹುಳು ಮತ್ತು ಪೊರೆಹುಳುಗಳೇ ಜಾಸ್ತಿ. ಹೊರಗಿನಿಂದ ನಿಮ್ಮ ಗೋಡೆಯ ಕಡೆಗೆ ಅದನ್ನು ಸಾಗಿಸುತ್ತಿದ್ದರೆ ಅವು ತಿಂಡಿಗೆ ಬಂದಿಲ್ಲ, ಬಿಡಾರ ಬದಲಿಸುತ್ತಿವೆ ಎಂದರ್ಥ. ನೆಲ ಒರೆಸಿದ ಮಾತ್ರಕ್ಕೆ ಆಗ ಮುಗಿಯುವುದಿಲ್ಲ.

ಎರಡನೆಯದು, ಮನೆಯಲ್ಲಿ ಯಾರಿದ್ದಾರೆ. ನೆಲದಲ್ಲಿ ತೆವಳುವ ಮಗು, ಪಾದ ನೆಕ್ಕಿಕೊಳ್ಳುವ ಬೆಕ್ಕು, ಎಲ್ಲವನ್ನೂ ಮೂಸುವ ನಾಯಿ, ಹಿತ್ತಲಿನ ಕೋಳಿ, ಅಂಗಳದಂಚಿನ ಜೇನುಪೆಟ್ಟಿಗೆ, ಮೀನು ಬಿಟ್ಟ ತೊಟ್ಟಿ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಚಾಕ್, ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ಗುಂಪಿನ ವಿಷ ಮನುಷ್ಯರಿಗಿಂತ ಬೆಕ್ಕಿಗೆ ಬೇಗ ತಾಗುತ್ತದೆ. ಮೀನಿಗಂತೂ ಅದು ಕಡುವಿಷ.

ಮೂರನೆಯದು ಮಳೆ. ಇರುವೆಯ ಬಗ್ಗೆ ಬಯಲುಸೀಮೆಯವರು ಕೊಡುವ ಸಲಹೆ ಇಲ್ಲಿ ಕೈಕೊಡುವುದು ಇದರಿಂದಲೇ. ಮಡಿಕೇರಿ, ಭಾಗಮಂಡಲದ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಒಗೆದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಪುಡಿ ಒಣಗಿರುತ್ತದೆಯೇ? ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿ ಲೆಕ್ಕ ಬೇರೆ.

ಅವಸರ ಎಷ್ಟು ಎನ್ನುವುದೂ ಮುಖ್ಯ. ನಾಳೆ ಹೋಂಸ್ಟೇಗೆ ಅತಿಥಿಗಳು ಬರುವವರಿಗೆ ಒಂದು ದಾರಿ, ಮೂರು ವಾರ ಕಾಯಬಲ್ಲವರಿಗೆ ಇನ್ನೊಂದು. ದುಡ್ಡಿನ ಪ್ರಶ್ನೆಯನ್ನು ಕೊನೆಗಿಟ್ಟಿದ್ದೇನೆ, ಏಕೆಂದರೆ ಈ ವಿಷಯದಲ್ಲಿ ಅತಿ ಹೆಚ್ಚು ಕೆಲಸ ಮಾಡುವ ಮದ್ದು ಹೆಚ್ಚುಕಮ್ಮಿ ಅತಿ ಅಗ್ಗದ್ದೂ ಹೌದು.

ಬಂದಿರುವುದು ಯಾರು?

ಒಂದೆರಡು ಇರುವೆಯನ್ನು ಸೆಲ್ಲೋಟೇಪಿನಲ್ಲಿ ಹಿಡಿದು ಬಿಳಿ ಹಾಳೆಗೆ ಅಂಟಿಸಿ, ಫೋನ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ. ಗಾತ್ರ, ಬಣ್ಣ, ನಡೆಯುವ ರೀತಿ, ಈ ಮೂರು ತಿಳಿದರೆ ಮನೆಮಟ್ಟಿಗೆ ಸಾಕು.

ಮೊದಲು ಗೆದ್ದಲನ್ನು ಬದಿಗಿಡಬೇಕು. ಮೊದಲ ಮಳೆಗೆ ದೀಪದ ಸುತ್ತ ರೆಕ್ಕೆಹುಳ ಎದ್ದಾಗ ಇರುವೆಯೋ ಗೆದ್ದಲೋ ಎಂದು ಹೆದರುತ್ತಾರೆ. ಇರುವೆಗೆ ಸೊಂಟ ಸಣ್ಣ, ಮೀಸೆ ಮೊಣಕೈಯಂತೆ ಬಾಗಿರುತ್ತದೆ, ಮುಂದಿನ ರೆಕ್ಕೆ ಹಿಂದಿನದಕ್ಕಿಂತ ಉದ್ದ. ಗೆದ್ದಲಿಗೆ ಸೊಂಟವೇ ಇಲ್ಲ, ಮೀಸೆ ನೇರ, ನಾಲ್ಕೂ ರೆಕ್ಕೆ ಒಂದೇ ಅಳತೆ. ಬೆಳಿಗ್ಗೆ ನೆಲದ ತುಂಬ ಬರೀ ರೆಕ್ಕೆ ಉದುರಿದ್ದರೆ, ಗೋಡೆಯ ಮೇಲೆ ಮಣ್ಣಿನ ಗೆರೆ ಏರಿದ್ದರೆ ಅದು ಗೆದ್ದಲು. ಅದರ ಚಿಕಿತ್ಸೆಯೇ ಬೇರೆ, ಈ ಬರಹದ ಯಾವ ಮದ್ದೂ ಅದಕ್ಕೆ ಆಗುವುದಿಲ್ಲ.

ಮನೆಯೊಳಗೆ ನಿಜವಾದ ತಲೆನೋವು ಎರಡು ಮಿಲಿಮೀಟರಿಗೂ ಮೀರದ ಸಣ್ಣವು. ಇವುಗಳಲ್ಲಿ ಎರಡು ಜಾತಿಯನ್ನು ಬೇರೆ ಮಾಡಿ ನೋಡಬೇಕು. ಒಂದಕ್ಕೆ ತಲೆ ಮತ್ತು ಎದೆಭಾಗ ಕಪ್ಪು, ಹೊಟ್ಟೆ ಮತ್ತು ಕಾಲು ಮಸುಕು ಗಾಜಿನಂತೆ. ಬಿಳಿ ಟೈಲ್ಸ್ ಮೇಲೆ ಓಡುವಾಗ ಕಪ್ಪು ಚುಕ್ಕಿಗಳಷ್ಟೇ ಚಲಿಸಿದಂತೆ ಕಾಣುತ್ತದೆ. ಇಂಗ್ಲಿಷಿನವರು ಘೋಸ್ಟ್ ಆಂಟ್ ಎಂದು ಕರೆಯುವುದು ಇದನ್ನೇ. ಬೆರಳಲ್ಲಿ ಉಜ್ಜಿದರೆ ಕಮಟು ಕೊಬ್ಬರಿಯ ವಾಸನೆ ಬರುತ್ತದೆ. ಸಿಹಿಗೆ ಮುಗಿಬೀಳುತ್ತದೆ. ಹೂಕುಂಡ, ಗೋಡೆಯ ಬಿರುಕು, ಒದ್ದೆ ಮರದ ಸಂದು, ಎಲ್ಲಿ ತೇವವೋ ಅಲ್ಲಿ ಸಂಸಾರ ಹೂಡುತ್ತದೆ. ಇನ್ನೊಂದು ಫರೋ ಇರುವೆ. ಮೈಯೆಲ್ಲ ಒಂದೇ ಸಮ ಜೇನುಹಳದಿ, ಹೊಟ್ಟೆಯ ತುದಿ ಸ್ವಲ್ಪ ಕಪ್ಪು. ಇದಕ್ಕೆ ಬೆಚ್ಚಗಿನ ಜಾಗ ಬೇಕು. ಮಡಿಕೇರಿಯ ಚಳಿಯಲ್ಲಿ ಹುಡುಕುವುದಾದರೆ ಫ್ರಿಜ್ ಮೋಟಾರಿನ ಹಿಂದೆ, ಬಚ್ಚಲಿನ ಹಂಡೆ ಒಲೆಯ ಪಕ್ಕದ ಗೋಡೆಯಲ್ಲಿ ನೋಡಿ. ಸಿಹಿಯ ಜೊತೆ ಮಾಂಸ, ಕೊಬ್ಬು, ಮೊಟ್ಟೆಯೂ ಇದಕ್ಕೆ ಬೇಕು. ಆಸ್ಪತ್ರೆಗಳಲ್ಲಿ ಇದನ್ನು ಕಂಡರೆ ಹೆದರುತ್ತಾರೆ, ಗಾಯದ ಬ್ಯಾಂಡೇಜಿನೊಳಗೂ ನುಸುಳಿ ಸೋಂಕು ಹರಡುವ ಜಾತಿ.

ಈ ಎರಡಕ್ಕೂ ಒಂದು ಸಮಾನ ಗುಣ: ಒಂದೇ ಗೂಡಿನಲ್ಲಿ ಹಲವು ರಾಣಿಗಳಿರುತ್ತವೆ. ಸ್ಪ್ರೇಯ ಘಾಟು ತಾಗಿದ ಕೂಡಲೇ ಒಂದಿಷ್ಟು ರಾಣಿಯರನ್ನೂ ಮರಿಗಳನ್ನೂ ಎತ್ತಿಕೊಂಡು ಗುಂಪು ಒಡೆಯುತ್ತದೆ. ಅಡುಗೆಮನೆಯಲ್ಲಿ ಒಂದೇ ಸಾಲಿದ್ದದ್ದು ಹತ್ತು ದಿನದಲ್ಲಿ ಮಲಗುವ ಕೋಣೆಯಲ್ಲೂ ದೇವರಕೋಣೆಯಲ್ಲೂ ಕಾಣಿಸುವುದು ಹೀಗೆ.

ಮೂರು ಮಿಲಿಮೀಟರ್ ಹತ್ತಿರದ, ಕಪ್ಪು ಬಣ್ಣದ, ಕಾಲು ಮೀಸೆ ಎರಡೂ ಅಳತೆ ಮೀರಿ ಉದ್ದವಾಗಿರುವ, ಸಾಲು ಹಿಡಿಯದೆ ದಿಕ್ಕುತಪ್ಪಿದಂತೆ ಅತ್ತಿತ್ತ ಓಡುವ ಹುಚ್ಚಿರುವೆ ಇನ್ನೊಂದು. ಇನ್ವರ್ಟರ್, ಸ್ವಿಚ್‌ಬೋರ್ಡ್, ನೀರಿನ ಮೋಟಾರಿನ ಪೆಟ್ಟಿಗೆಗಳಲ್ಲಿ ಸೇರುವುದರಲ್ಲಿ ಇದು ಮುಂದು. ಇದರದೇ ಹೆಸರಿನ ದೂರದ ಬಂಧು, ಹಳದಿ ಬಣ್ಣದ ನಾಲ್ಕೈದು ಮಿಲಿಮೀಟರ್ ಉದ್ದದ ಹುಚ್ಚಿರುವೆ, ತೆಂಗಿನ ಸಿಪ್ಪೆಯ ರಾಶಿ, ತರಗೆಲೆ, ಕಲ್ಲಿನಡಿಯಲ್ಲಿ ದೊಡ್ಡ ಸಂಖ್ಯೆಯಲ್ಲಿರುತ್ತದೆ. ಚುಚ್ಚುವುದಿಲ್ಲ, ಆಮ್ಲ ಚಿಮ್ಮಿಸುತ್ತದೆ. ಅದು ಮನೆಗೆ ಬಂದರೆ ಮೊದಲು ಸಿಪ್ಪೆಯ ರಾಶಿ ದೂರ ಹೋಗಬೇಕು.

ಸೆಂಟಿಮೀಟರಿಗೂ ಮೀರಿದ ಕರಿಯ ಗೊದ್ದಕ್ಕೆ ಜನ ಅನಗತ್ಯವಾಗಿ ಹೆದರುತ್ತಾರೆ. ಅದು ಹೆಚ್ಚಾಗಿ ಮರದ ಬುಡದ ಮಣ್ಣಿನಲ್ಲಿ ಗೂಡು ಮಾಡುವ ಜೀವಿ, ರಾತ್ರಿ ಸಿಹಿ ಹುಡುಕಿ ಒಳಗೆ ಬಂದು ಬೆಳಿಗ್ಗೆ ಹೋಗುತ್ತದೆ. ಮರ ತಿನ್ನುವುದಿಲ್ಲ. ಇದರ ಬಂಧುಗಳು ಕೆಲವು ನೆನೆದು ಮೆತ್ತಗಾದ ಮರವನ್ನು ಕೊರೆದು ಒಳಗಿರುವುದುಂಟು. ಹಳೆಯ ಮನೆಯ ಅಟ್ಟದಿಂದ ಮರದ ಹುಡಿ ಉದುರುತ್ತಿದ್ದರೆ ಇರುವೆಯನ್ನು ಬೈಯುವ ಮೊದಲು ಮೇಲಿನ ಹೆಂಚು ಒಡೆದಿದೆಯೇ ನೋಡಿ. ನೀರು ಸೋರಿದ್ದು ಮೊದಲು, ಇರುವೆ ಬಂದದ್ದು ಆಮೇಲೆ.

ಕಚ್ಚುವವರ ವಿಷಯ. ಅಂಗಳದ ಬಿಸಿಲು ಬೀಳುವ ಮಣ್ಣಿನಲ್ಲಿ, ಕಾಫಿ ಕಣದ ಬಿರುಕಿನಲ್ಲಿ ಗೂಡು ಮಾಡುವ ಕೆಂಪು ಇರುವೆ, ಅದರಲ್ಲೂ ದಪ್ಪತಲೆಯವು ಅಲ್ಲಲ್ಲಿ ಕಂಡರೆ, ಅದು ಉರಿಯುವಂತೆ ಚುಚ್ಚುವ ಜಾತಿ. ಒಳಗೆ ಬರುವುದು ಕಡಲೆಬೀಜ, ಕೊಬ್ಬರಿ, ಎಣ್ಣೆ ಜಿಡ್ಡು, ಸತ್ತ ಹುಳಕ್ಕೆ. ಕೋಳಿಮರಿ, ಕಣ್ಣು ಬಿಡದ ನಾಯಿಮರಿಗೆ ಇದು ಅಪಾಯ. ಸೌದೆಯ ಜೊತೆ ಒಳಬರುವ ಇನ್ನೊಂದಿದೆ: ಸಣಕಲು, ಉದ್ದನೆಯ ಮೈ, ತಲೆ ಹೊಟ್ಟೆ ಕಪ್ಪು, ನಡುಭಾಗ ಇಟ್ಟಿಗೆ ಕೆಂಪು, ಒಂಟಿಯಾಗಿ ನಡೆಯುತ್ತದೆ. ಇದರ ಚುಚ್ಚು ಕಣಜದಂತೆ. ಇಂಥವು ಚುಚ್ಚಿದ ಮೇಲೆ ಮುಖ ಊದಿಕೊಂಡರೆ, ಮೈಯೆಲ್ಲ ದದ್ದು ಎದ್ದರೆ, ಉಸಿರು ಕಟ್ಟಿದಂತಾದರೆ ಮನೆಮದ್ದು ಬೇಡ, ತಕ್ಷಣ ಆಸ್ಪತ್ರೆಗೆ.

ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಮನೆಯೊಳಗೆ ಸಂಸಾರ ಮಾಡುವುದಿಲ್ಲ. ಕಾಫಿ ಕುಯ್ಯುವಾಗ ಕುತ್ತಿಗೆಯ ಮೇಲೆ ಬಿದ್ದು ಕಚ್ಚಿಸಿಕೊಂಡವರಿಗೆ ಅದರ ಮೇಲೆ ಕೋಪವಿರುವುದು ಸಹಜ. ಮನೆಗೆ ಬಂದಿದ್ದರೆ ಹಲಸಿನದೋ ಮಾವಿನದೋ ಕೊಂಬೆಯೊಂದು ಮಾಡಿಗೆ ತಾಗಿರುತ್ತದೆ, ಆ ಕೊಂಬೆ ಕಡಿದರೆ ಕೆಲಸ ಮುಗಿಯಿತು. ಮರದ ಮೇಲೆ ಕರಿಯ ಗಡಿಗೆಯಂಥ ಒರಟು ಗೂಡು ಕಟ್ಟಿ, ಮುಟ್ಟಿದರೆ ಬಾಲ ಎತ್ತಿ ನಿಲ್ಲುವ ಇರುವೆಯನ್ನೂ ಬಿಟ್ಟುಬಿಡಿ. ಕಂದು ಬಣ್ಣದ ಒಂದು ಮರಕುಟಿಗ ಆ ಗೂಡನ್ನೇ ಕೊರೆದು ಮೊಟ್ಟೆಯಿಡುತ್ತದೆ. ಬೆಂಕಿ ಹಚ್ಚುವುದು ಪಾಪವೂ ಹೌದು, ಮರಕ್ಕೆ ನಷ್ಟವೂ ಹೌದು.

ಮದ್ದುಗಳ ತೂಕ

ಸೋಪುನೀರಿನ ಬಟ್ಟೆ. ಇರುವೆ ನಡೆದ ದಾರಿಯಲ್ಲಿ ವಾಸನೆಯ ಗುರುತು ಬಿಟ್ಟಿರುತ್ತದೆ. ಬರೀ ನೀರಿನಲ್ಲಿ ಒರೆಸಿದರೆ ಅದು ಪೂರ್ತಿ ಹೋಗುವುದಿಲ್ಲ, ಪಾತ್ರೆ ತೊಳೆಯುವ ಸೋಪು ಕಲಸಿದರೆ ಹೋಗುತ್ತದೆ. ಖರ್ಚಿಲ್ಲ, ಮಗು ಬೆಕ್ಕು ಯಾರಿಗೂ ತೊಂದರೆಯಿಲ್ಲ, ಐದು ನಿಮಿಷದಲ್ಲಿ ಕಣ್ಣೆದುರಿನ ಸಾಲು ಇಲ್ಲ. ಗೂಡಿಗೆ ಮಾತ್ರ ಏನೂ ಆಗುವುದಿಲ್ಲ. ಜೊತೆಗೆ ಬೆಲ್ಲ, ಸಕ್ಕರೆ, ಜೇನು ಬಿಗಿ ಮುಚ್ಚಳದ ಡಬ್ಬಿಗೆ ಹೋಗಬೇಕು. ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ಮಾಡುವ ಮದ್ದುಸೊಪ್ಪಿನ ಪಾಯಸದ ಪಾತ್ರೆಯನ್ನು ರಾತ್ರಿ ಸಿಂಕಿನಲ್ಲಿ ಬಿಟ್ಟು ಮಲಗಿದರೆ ಮಾರನೆಯ ದಿನ ಇರುವೆಯನ್ನು ದೂರುವ ಹಕ್ಕು ನಮಗಿಲ್ಲ.

ತಿಂಡಿ ಬೀರುವಿನ ಕಾಲನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುವುದು, ಜೇನುಪೆಟ್ಟಿಗೆಯ ಸ್ಟ್ಯಾಂಡಿಗೆ ಮಾಡುವಂತೆ, ಈಗಲೂ ಉತ್ತಮ ಉಪಾಯ. ಸಣ್ಣಿರುವೆ ನೀರಿನ ಮೇಲ್ಪದರದ ಮೇಲೆ ನಡೆದೇ ದಾಟಿಬಿಡುವುದುಂಟು, ಒಂದು ಹನಿ ಸೋಪು ಹಾಕಿದರೆ ಮುಳುಗುತ್ತದೆ. ವಾರಕ್ಕೊಮ್ಮೆ ನೀರು ಬದಲಿಸದಿದ್ದರೆ ಇರುವೆ ಹೋಗಿ ಡೆಂಗಿ ಸೊಳ್ಳೆ ಬಂದೀತು.

ಅರಿಶಿನ, ಲವಂಗ, ದಾಲ್ಚಿನ್ನಿ, ಕರ್ಪೂರ, ನಿಂಬೆ, ಕಾಫಿ ಗಷ್ಟು. ಇವೆಲ್ಲ ಘಾಟಿನಿಂದ ದಾರಿ ತಪ್ಪಿಸುವ ವಸ್ತುಗಳು. ಲವಂಗ, ದಾಲ್ಚಿನ್ನಿಯ ಎಣ್ಣೆಗೆ ಸ್ವಲ್ಪ ಬಲವಿದೆ. ಕಾಫಿ ಗಷ್ಟಿಗೆ ಅಷ್ಟಿಲ್ಲ, ಕೊಡಗಿನಲ್ಲಿ ಅದು ಪುಕ್ಕಟೆ ಸಿಗುತ್ತದೆ ಎಂಬುದಷ್ಟೇ ಅದರ ಗುಣ, ಒದ್ದೆ ಹವೆಯಲ್ಲಿ ಎರಡು ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಒಂದು ಸಂದಿಗೆ ಅರಿಶಿನ ತುಂಬಿದರೆ ಇರುವೆ ಪಕ್ಕದ ಸಂದು ಹುಡುಕುತ್ತದೆ. ದೇವರಕೋಣೆಯ ಹೊಸಿಲಿಗೆ, ತೊಟ್ಟಿಲ ಕಾಲಿನ ಸುತ್ತ ಹಾಕಿಕೊಳ್ಳಲು ಅಡ್ಡಿಯಿಲ್ಲ. ವಿನೆಗರ್‌ನಲ್ಲಿ ಒರೆಸಿದರೆ ಸಾಲು ಅಳಿಸುತ್ತದೆ ಎಂಬುದು ನಿಜ. ಅದಕ್ಕೆ ನಮ್ಮ ಕೊಡಗಿನ ಹುಳಿರಸ ಕಾಚಂಪುಳಿ ಬಳಸಬೇಡಿ, ಅದು ಪಂದಿಕರಿಗೆ ಇರಲಿ. ಸೀಮೆಎಣ್ಣೆ ಮಾತ್ರ ಒಲೆಯಿರುವ ಕೋಣೆಗೆ ಯಾವ ಕಾರಣಕ್ಕೂ ಬೇಡ.

ಲಕ್ಷ್ಮಣ ರೇಖಾ ಥರದ ಚಾಕ್. ಇಪ್ಪತ್ತು ಮೂವತ್ತು ರೂಪಾಯಿಗೆ ಸಿಗುತ್ತದೆ, ಎಳೆದ ಗೆರೆ ದಾಟಿದ ಇರುವೆ ಸಾಯುತ್ತದೆ. ಹೆಚ್ಚಾಗಿ ಸೈಪರ್‌ಮೆಥ್ರಿನ್ ಅಥವಾ ಡೆಲ್ಟಾಮೆಥ್ರಿನ್ ಇರುತ್ತದೆ, ಎರಡೂ ನಾನು ಮೇಲೆ ಹೇಳಿದ ಪೈರೆಥ್ರಾಯ್ಡ್‌ಗಳು. ಒಣಗಿದ ಸಿಮೆಂಟ್ ಗೋಡೆಯ ಮೇಲೆ, ಹೊರಗಿನಿಂದ ಬರುವ ಇರುವೆಗೆ, ಬೇಸಿಗೆಯಲ್ಲಿ ಇದು ಪರವಾಗಿಲ್ಲ. ಮಳೆಗಾಲದ ಬೆವರುವ ಗೋಡೆಯ ಮೇಲೆ ಗೆರೆ ಕೂರುವುದೇ ಇಲ್ಲ. ಮಕ್ಕಳಿಗೆ ಅದು ಸ್ಲೇಟಿನ ಬಳಪದಂತೆಯೇ ಕಾಣುತ್ತದೆ ಎಂಬುದು ಅದರ ದೊಡ್ಡ ದೋಷ. ಮಗುವಿರುವ ಮನೆ, ಬೆಕ್ಕಿರುವ ಮನೆ ಎರಡರಲ್ಲೂ ನಾನು ಬೇಡವೆನ್ನುತ್ತೇನೆ.

ಸ್ಪ್ರೇ ಡಬ್ಬಿ. ಕಂಡದ್ದನ್ನು ಕಂಡಲ್ಲೇ ಕೊಲ್ಲುತ್ತದೆ, ಕಾಣದ ಗೂಡನ್ನು ಮುಟ್ಟುವುದಿಲ್ಲ. ಹೊರಗೆ ಓಡಾಡುವ ಇರುವೆಗಳು ಇಡೀ ಗೂಡಿನ ಸಣ್ಣ ಪಾಲು. ರಾಣಿ ಇರುವ ತನಕ ನಾಳೆ ಬೇರೆಯವು ಹೊರಡುತ್ತವೆ. ಹಲವು ರಾಣಿಗಳಿರುವ ಸಣ್ಣಿರುವೆಗೆ ಸ್ಪ್ರೇ ಹೊಡೆಯುವುದು ಈ ಪಟ್ಟಿಯಲ್ಲೇ ಅತಿ ಕೆಟ್ಟ ಆಯ್ಕೆ. ಚುಚ್ಚುವ ಇರುವೆ ಮಗು ಮಲಗುವ ಕೋಣೆಗೆ ನುಗ್ಗಿದಾಗ, ಗೂಡಿನ ಬಾಯಿ ಹೊರಗೇ ಎಂದು ಖಚಿತವಿದ್ದಾಗ, ಆ ಹೊತ್ತಿನ ಮಟ್ಟಿಗೆ ಅದು ಉಪಯೋಗಕ್ಕೆ ಬರುತ್ತದೆ. ಸ್ವಿಚ್‌ಬೋರ್ಡಿಗೆ, ಇನ್ವರ್ಟರಿಗೆ ಎಂದೂ ಹೊಡೆಯಬೇಡಿ. ಡಬ್ಬಿಯೊಳಗಿನ ಅನಿಲಕ್ಕೆ ಬೆಂಕಿ ಹತ್ತಲು ಒಂದು ಕಿಡಿ ಸಾಕು.

ಪುಡಿಗಳು. ತೋಟದ ಗೋದಾಮಿನಲ್ಲಿ ಹಳೆಯ ಗ್ಯಾಮಾಕ್ಸಿನ್ ಡಬ್ಬಿ ಇನ್ನೂ ಇರುವ ಮನೆಗಳಿವೆ. ಅದರಲ್ಲಿರುವ ಬಿಎಚ್‌ಸಿ ಎಂಬ ವಿಷ 1997ರಲ್ಲೇ ನಿಷೇಧವಾಯಿತು, ಅದರದೇ ಒಂದು ರೂಪವಾದ ಲಿಂಡೇನ್ ಬಳಕೆ 2013ರಿಂದ ನಿಂತಿತು. ಮೈಯ ಕೊಬ್ಬಿನಲ್ಲಿ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ವಿಷ ಅದು. ಗಿಡಕ್ಕೆ ಹೊಡೆಯುವ ಯಾವ ಔಷಧಿಯೂ ಅಡುಗೆಮನೆಗೆ ಬರಬಾರದು, ಅಳತೆ ಕಡಿಮೆ ಮಾಡಿದರೂ ಬರಬಾರದು. ಆನ್‌ಲೈನಿನಲ್ಲಿ ಸಿಗುವ ಡಯಾಟಮ್ ಮಣ್ಣಿನ ಪುಡಿ ವಿಷವಲ್ಲ, ಇರುವೆಯ ಮೈಪದರ ಉಜ್ಜಿ ಒಣಗಿಸಿ ಕೊಲ್ಲುತ್ತದೆ. ಒದ್ದೆಯಾದರೆ ಅದಕ್ಕೆ ಶಕ್ತಿಯಿಲ್ಲ. ಫೆಬ್ರವರಿಯ ಕುಶಾಲನಗರದಲ್ಲಿ ಕೊಳ್ಳಿ, ಜುಲೈಯ ಮಡಿಕೇರಿಯಲ್ಲಿ ಕೊಳ್ಳಬೇಡಿ. ಹಾಕುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಬೋರಿಕ್ ಆಸಿಡ್ ಬೆರೆಸಿದ ಸಕ್ಕರೆನೀರು. ನನ್ನ ಮತ ಇದಕ್ಕೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಇರುವೆ ತಾನು ಕುಡಿದ ಸಿಹಿಯನ್ನು ಗೂಡಿಗೆ ಹೋಗಿ ಬಾಯಿಂದ ಬಾಯಿಗೆ ಹಂಚುತ್ತದೆ, ಕೊನೆಗೆ ರಾಣಿಗೂ ಮರಿಗಳಿಗೂ ಅದು ಸೇರುತ್ತದೆ. ವಿಷ ನಿಧಾನವಾಗಿದ್ದರೆ ಈ ಹಂಚಿಕೆ ಮುಗಿಯುವವರೆಗೆ ಇರುವೆ ಬದುಕಿರುತ್ತದೆ. ಎಲ್ಲರೂ ಎಡವುವುದು ಇಲ್ಲೇ. ಜಾಸ್ತಿ ಹಾಕಿದರೆ ಚೆನ್ನಾಗಿ ಸಾಯುತ್ತದೆ ಎಂದು ಚಮಚಗಟ್ಟಲೆ ಸುರಿಯುತ್ತಾರೆ, ಇರುವೆ ಗೂಡು ಮುಟ್ಟುವ ಮುಂಚೆಯೇ ಸಾಯುತ್ತದೆ ಅಥವಾ ಮೂಸಿ ಬಿಟ್ಟುಹೋಗುತ್ತದೆ. ಶೇಕಡಾ ಒಂದರಷ್ಟು ಸಾಕು. ಒಂದು ಲೋಟ, ಅಂದರೆ 200 ಮಿಲಿಲೀಟರ್ ಬಿಸಿನೀರಿಗೆ ಮಟ್ಟಸವಾದ ಅರ್ಧ ಟೀಚಮಚ ಬೋರಿಕ್ ಪುಡಿ, ಐದು ಟೀಚಮಚ ಸಕ್ಕರೆ. ಪೂರ್ತಿ ಕರಗಿಸಿ ಆರಿಸಿ. ಮೆಡಿಕಲ್‌ನಲ್ಲಿ ಪುಡಿ ಸಿಗುತ್ತದೆ, ಬೆಲೆ ಚಾಕ್‌ಗಿಂತ ಬಹಳ ಹೆಚ್ಚೇನಿಲ್ಲ. ಕೇರಂ ಪೌಡರ್ ಕೂಡ ಹಲವು ಸಲ ಅದೇ, ಆದರೆ ಪಿಷ್ಟದಿಂದ ಮಾಡಿದ್ದೂ ಮಾರುಕಟ್ಟೆಯಲ್ಲಿದೆ, ಪೊಟ್ಟಣ ಓದಿ ಕೊಳ್ಳಿ.

ಬಾಟಲಿಯ ಮುಚ್ಚಳದಲ್ಲಿ ಹತ್ತಿಯುಂಡೆಯಿಟ್ಟು ಈ ನೀರಿನಲ್ಲಿ ನೆನೆಸಿ, ಸಾಲಿನ ಪಕ್ಕದಲ್ಲಿಡಿ. ಮೊದಲ ದಿನ ಇರುವೆ ನಾಲ್ಕು ಪಟ್ಟು ಬರುತ್ತದೆ. ಮನೆಯವರು ಗಾಬರಿಯಾಗಿ ಸ್ಪ್ರೇ ಎತ್ತಿಕೊಳ್ಳುವ ಘಳಿಗೆ ಅದು. ಎತ್ತಿದರೆ ಎಲ್ಲ ವ್ಯರ್ಥ. ಬೇಟ್, ಅಂದರೆ ಈ ವಿಷ ಬೆರೆಸಿದ ತಿಂಡಿ, ಇಟ್ಟ ಕಡೆ ಸ್ಪ್ರೇ, ಚಾಕ್, ಅರಿಶಿನ, ಫಿನಾಯಿಲ್ ಏನೂ ಹತ್ತಿರ ಇರಬಾರದು. ಮೂರು ನಾಲ್ಕು ದಿನಕ್ಕೆ ಸಾಲು ತೆಳ್ಳಗಾಗುತ್ತದೆ, ಪೂರ್ತಿ ನಿಲ್ಲಲು ಎರಡು ಮೂರು ವಾರ, ಫರೋ ಇರುವೆಗೆ ಇನ್ನೂ ಹೆಚ್ಚು ಬೇಕಾದೀತು. ನಮ್ಮ ಹವೆಯಲ್ಲಿ ಸಕ್ಕರೆನೀರು ಬೇಗ ಹುಳಿಯುತ್ತದೆ, ಹುಳಿತದ್ದನ್ನು ಇರುವೆ ಮುಟ್ಟುವುದಿಲ್ಲ, ಎರಡು ದಿನಕ್ಕೊಮ್ಮೆ ಹತ್ತಿ ಬದಲಿಸಿ.

ಸಿಹಿಯನ್ನು ಮುಟ್ಟದಿದ್ದರೆ? ಒಂದು ಹಳೆಯ ಲಗ್ನಪತ್ರಿಕೆಯ ಮೇಲೆ ಬೆಲ್ಲದ ನೀರು, ಕಡಲೆಬೀಜದ ಪೇಸ್ಟ್, ಒಣಮೀನಿನ ಪುಡಿ, ಮೂರನ್ನೂ ಒಂದೊಂದು ಚುಕ್ಕಿ ಇಟ್ಟು ಅರ್ಧ ಗಂಟೆ ಬಿಟ್ಟು ನೋಡಿ. ಎಲ್ಲಿ ಗುಂಪು ಸೇರಿತೋ ಅದರಲ್ಲೇ ಬೋರಿಕ್ ಕಲಸಿ, ಅಳತೆ ಅದೇ ನೂರಕ್ಕೆ ಒಂದು. ಗೂಡಿನಲ್ಲಿ ಮರಿ ಹೆಚ್ಚಿದ್ದಾಗ ಇರುವೆಗೆ ಮಾಂಸದ ಅಂಶ ಬೇಕು, ಹಾಗಾಗಿ ತಿಂಗಳಿಂದ ತಿಂಗಳಿಗೆ ಅದರ ಬಾಯಿರುಚಿ ಬದಲಾಗುತ್ತದೆ.

ಇದರ ದೋಷಗಳೂ ಇವೆ. ನಿಧಾನ. ಬೋರಿಕ್ ಆಸಿಡ್ ಮಕ್ಕಳ ಹೊಟ್ಟೆಗೆ ಹೋಗಬಾರದು, ಮುಚ್ಚಳವನ್ನು ಬೀರುವಿನ ಹಿಂದೆ, ಫ್ರಿಜ್ ಅಡಿಯಲ್ಲಿ, ತೂತು ಕೊರೆದು ಟೇಪ್ ಸುತ್ತಿದ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಡಬೇಕು. ಉಳಿದ ದ್ರಾವಣಕ್ಕೆ ಬಣ್ಣ ಹಾಕಿ, ವಿಷ ಎಂದು ಬರೆದು ಇಡಿ. ಜ್ಯೂಸ್ ಬಾಟಲಿಯಲ್ಲಿ ತುಂಬಬೇಡಿ. ಹೊರಗಡೆ ತೆರೆದಿಟ್ಟರೆ ನಿಮ್ಮದೋ ಪಕ್ಕದವರದೋ ತುಡುವೆ ಜೇನು ಬಂದು ಕುಡಿಯುತ್ತದೆ. ಹೊರಗೆ ಇಡಲೇಬೇಕಾದರೆ ಕತ್ತಲಾದ ಮೇಲೆ ಇಟ್ಟು ಬೆಳಕು ಹರಿಯುವ ಮುಂಚೆ ಒಳಗೆ ತನ್ನಿ.

ಜೆಲ್. ಬೇಟ್‌ನದೇ ತತ್ತ್ವ, ಸಿರಿಂಜಿನಲ್ಲಿ ಬರುತ್ತದೆ, ಬೆಲೆ ನೂರರ ಲೆಕ್ಕದಲ್ಲಿ. ಫಿಪ್ರೋನಿಲ್ ಅಥವಾ ಇಮಿಡಾಕ್ಲೋಪ್ರಿಡ್‌ನಂಥ ವಿಷ ಬಹಳ ಕಡಿಮೆ ಪ್ರಮಾಣದಲ್ಲಿರುತ್ತದೆ. ಸಂದಿನೊಳಗೆ ಅಕ್ಕಿಕಾಳಿನಷ್ಟು ಹಾಕಿದರೆ ಸಾಕು, ಮಗುವಿನ ಕೈಗೆಟುಕದ ಜಾಗಕ್ಕೆ ತಲುಪಿಸಬಹುದು, ಹುಳಿಯುವುದಿಲ್ಲ. ಸ್ವಿಚ್‌ಬೋರ್ಡಿನ ಪಕ್ಕದ ಗೋಡೆಗೆ ಇದು ಬೋರಿಕ್ ನೀರಿಗಿಂತ ವಾಸಿ. ಕೊಳ್ಳುವಾಗ ಲೇಬಲಿನಲ್ಲಿ ಇರುವೆಗೆ ಎಂದು ಬರೆದಿದೆಯೇ ನೋಡಿ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಜಿರಲೆಯದ್ದು, ಅದನ್ನು ಕೆಲವು ಇರುವೆಗಳು ತಿರುಗಿಯೂ ನೋಡುವುದಿಲ್ಲ. ಫಿಪ್ರೋನಿಲ್, ಇಮಿಡಾಕ್ಲೋಪ್ರಿಡ್ ಎರಡೂ ಜೇನಿಗೆ ಕಡುವಿಷ, ಮನೆಯ ಹೊರಗೆ ಹಾಕಬೇಡಿ.

ಕುದಿಯುವ ನೀರು. ಅಂಗಳದ ಕೆಂಪು ಚುಚ್ಚಿರುವೆಯ ಗೂಡಿಗೆ, ಬೆಳಗಿನ ತಂಪಿನಲ್ಲಿ, ನಿಧಾನವಾಗಿ ಸುರಿದರೆ ಬಹುಪಾಲು ಸಾಯುತ್ತದೆ, ಉಳಿದವು ಪಕ್ಕಕ್ಕೆ ಹೋದರೆ ಮತ್ತೊಮ್ಮೆ. ಗಿಡದ ಬುಡಕ್ಕೆ ಸುರಿದರೆ ಗಿಡವೂ ಬೇಯುತ್ತದೆ. ಕಾಲಿಗೆ ಗಂಬೂಟು ಇರಲಿ.

ಪೆಸ್ಟ್ ಕಂಟ್ರೋಲ್‌ನವರು. ಖರ್ಚು ಸಾವಿರದ ಲೆಕ್ಕದಲ್ಲಿ, ಊರಿನಿಂದ ದೂರದ ತೋಟದ ಮನೆಗೆ ಬರುವ ಬಾಡಿಗೆ ಬೇರೆ. ಕರೆಸುವುದಾದರೆ ಪರವಾನಗಿ ಕೇಳಿ, ಯಾವ ಔಷಧಿ ಎಂದು ಬರೆಸಿಕೊಳ್ಳಿ. ಸಣ್ಣಿರುವೆಗೆ ಬೇಟ್ ಇಡುತ್ತೀರೋ ಸ್ಪ್ರೇ ಹೊಡೆಯುತ್ತೀರೋ ಎಂದು ಕೇಳಿ. ಇರುವೆಯನ್ನು ನೋಡದೆಯೇ ಫೋನಿನಲ್ಲಿ ಸ್ಪ್ರೇ ಎಂದು ಹೇಳುವವರಿಗೆ ನಾನು ದುಡ್ಡು ಕೊಡಲಾರೆ.

ಇನ್ನು ಸುಮ್ಮನಿರುವುದೂ ಒಂದು ಆಯ್ಕೆ. ಮೊದಲ ಜೋರು ಮಳೆಗೆ ಗೂಡಿಗೆ ನೀರು ನುಗ್ಗಿ ಒಳಬಂದ ಇರುವೆ ಹಲವು ಸಲ ತಿನ್ನಲು ಏನೂ ಸಿಗದಿದ್ದರೆ ತಾನೇ ಬೇರೆಡೆ ಹೋಗುತ್ತದೆ. ಗೊದ್ದಕ್ಕೆ ಪೊರಕೆ ಸಾಕು.

ಯಾರ ಮನೆಗೆ ಯಾವುದು

ಗೋಣಿಕೊಪ್ಪದಂಥ ಊರಿನ ಆರ್‌ಸಿಸಿ ಮನೆ, ತೆವಳುವ ಮಗು, ಬೆಕ್ಕು, ಟೈಲ್ಸ್ ಸಂದಿನಿಂದ ಸಣ್ಣಿರುವೆ. ಸೋಪುನೀರು, ಬಿಗಿ ಡಬ್ಬಿ, ಎತ್ತರದ ಸಂದಿಗೆ ಜೆಲ್ ಅಥವಾ ಮುಚ್ಚಿದ ಡಬ್ಬಿಯ ಬೋರಿಕ್. ಸೋಪುನೀರನ್ನು ತಿಂಡಿ ಇಡುವ ಕಟ್ಟೆಗೆ ಮಾತ್ರ ಬಳಸಿ, ಬೇಟ್‌ಗೆ ಹೋಗುವ ದಾರಿಯನ್ನು ಅಳಿಸಬೇಡಿ. ಚಾಕ್ ಮತ್ತು ಸ್ಪ್ರೇ ಮನೆಯೊಳಗೇ ಬರಬಾರದು.

ಹೋಂಸ್ಟೇ ನಡೆಸುವವರ ಕಷ್ಟ ಬೇರೆ. ಶನಿವಾರ ಅತಿಥಿ ಬರುತ್ತಾರೆ, ಶುಕ್ರವಾರ ಸಂಜೆ ಇರುವೆ ಕಂಡಿದೆ. ಆ ರಾತ್ರಿಗೆ ಸೋಪುನೀರು, ಹಾಸಿಗೆಯನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಯುವುದು, ಮಂಚದ ಕಾಲಿಗೆ ನೀರಿನ ಬಟ್ಟಲು, ಕೋಣೆಯಲ್ಲಿಡುವ ಸಕ್ಕರೆ, ಬಿಸ್ಕತ್ತು ಮುಚ್ಚಿದ ಡಬ್ಬಿಯಲ್ಲಿ. ಬೇಟ್ ಆ ದಿನ ಇಟ್ಟರೆ ಅತಿಥಿಯ ಎದುರೇ ಇರುವೆ ನಾಲ್ಕು ಪಟ್ಟಾಗುತ್ತದೆ, ಸೋಮವಾರದಿಂದ ಗುರುವಾರದವರೆಗೆ ಇಡಿ, ನಾಲ್ಕೈದು ವಾರ ಹೀಗೇ ನಡೆಸಿ. ವರ್ಷಪೂರ್ತಿ ಕೋಣೆ ಬಾಡಿಗೆಗೆ ಹೋಗುವವರು, ಫರೋ ಇರುವೆ ಎಂದು ಖಚಿತವಾದವರು ಪೆಸ್ಟ್ ಕಂಟ್ರೋಲ್‌ಗೆ ದುಡ್ಡು ಹಾಕುವುದರಲ್ಲಿ ಅರ್ಥವಿದೆ.

ಕುಶಾಲನಗರದ ಬಾಡಿಗೆ ಮನೆಯಲ್ಲಿ, ಕಡಿಮೆ ಖರ್ಚಿನಲ್ಲಿ, ಮಕ್ಕಳು ಪ್ರಾಣಿಗಳಿಲ್ಲದೆ ಇರುವವರಿಗೆ ಬೋರಿಕ್ ನೀರೇ ಸಾಕು. ಬೇಸಿಗೆಯಲ್ಲಿ ಹೊರಗಿನ ಕಿಟಕಿ ಚೌಕಟ್ಟಿಗೆ ಚಾಕ್ ಎಳೆದುಕೊಳ್ಳಬಹುದು, ಬೇಟ್‌ನಿಂದ ದೂರದಲ್ಲಿ. ಸಂದುಗಳಿಗೆ ಬಿಳಿ ಸಿಮೆಂಟ್ ತುಂಬಲು ಓನರ್ ಒಪ್ಪಿದರೆ ಅದಕ್ಕಿಂತ ಒಳ್ಳೆಯ ಖರ್ಚಿಲ್ಲ, ಆದರೆ ಒಳಗಿನ ಗೂಡು ಸತ್ತ ಮೇಲೆ ತುಂಬಿ. ಮುಂಚೆ ತುಂಬಿದರೆ ಇನ್ನೊಂದು ಕೋಣೆಯಲ್ಲಿ ಬಾಯಿ ತೆರೆಯುತ್ತದೆ.

ತೋಟದ ನಡುವಿನ ಹೆಂಚಿನ ಮನೆ, ಹಳೆಯ ಐನ್‌ಮನೆಗಳಲ್ಲಿ ಪೂರ್ತಿ ಇರುವೆಯಿಲ್ಲದಂತೆ ಮಾಡುತ್ತೇನೆ ಎಂದು ಹೊರಡುವುದು ಬೇಡ. ಗೋಡೆಯಾಚೆಗೆ ಕಾಫಿ ಗಿಡದಲ್ಲಿ ಹಿಟ್ಟು ತಿಗಣೆ, ಹಸಿರು ಶಲ್ಕ ಕೀಟ ಇದ್ದರೆ ಅವು ಸುರಿಸುವ ಸಿಹಿ ಅಂಟಿಗೆ ಇರುವೆ ಕಾವಲು ನಿಲ್ಲುತ್ತದೆ, ಆ ಕೀಟಗಳನ್ನು ತಿನ್ನಲು ಬರುವ ಹುಳುಗಳನ್ನೂ ಓಡಿಸುತ್ತದೆ. ಅಲ್ಲಿ ಇರುವೆಯ ನಿಯಂತ್ರಣ ಬೆಳೆಯ ಪ್ರಶ್ನೆ, ಅದಕ್ಕೆ ಕಾಫಿ ಮಂಡಳಿಯ ವಿಸ್ತರಣಾಧಿಕಾರಿಯನ್ನೋ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರವನ್ನೋ ಕೇಳುವುದು ಸರಿ. ಮನೆಯ ಮಟ್ಟಿಗೆ ಮಾಡಬೇಕಾದ್ದು ಮಾಡಿಗೆ ತಾಗಿದ ಕೊಂಬೆ, ಗೋಡೆಗೆ ಹಬ್ಬಿದ ಮೆಣಸಿನ ಬಳ್ಳಿ ಬಿಡಿಸುವುದು. ಜಗಲಿಯ ದಾಸವಾಳದ ಕುಂಡದ ಎಲ್ಲ ಎಲೆಯ ಅಡಿಭಾಗ ನೋಡಿ, ಬಿಳಿ ಹಿಟ್ಟು ಕಂಡರೆ ಸೋಪುನೀರಿನಲ್ಲಿ ತೊಳೆಯಿರಿ. ಸೌದೆಯನ್ನು ಅಡುಗೆಮನೆಯ ಗೋಡೆಗೆ ಒರಗಿಸದೆ ನೆಲದಿಂದ ಎತ್ತರಿಸಿ ಬೇರೆ ಸೂರಿನಡಿ ಇಡಿ. ಹೆಂಚು ಸೋರುವ ಕಡೆ ಮಳೆಗಾಲಕ್ಕೆ ಮುಂಚೆ ಕೈಯಾಡಿಸಿ, ಅಟ್ಟದ ತೊಲೆಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಮೆತ್ತಗೆ ಒಳಹೋದರೆ ಇರುವೆಯ ಮದ್ದಿಗೆ ಇಟ್ಟ ದುಡ್ಡನ್ನು ಬಡಗಿಗೆ ಕೊಡಿ.